ಕೈ ಎತ್ತುವವರು ಯಾರ ಪರ?

ಪಕ್ಷದ ಆಜ್ಞೆ, ದೇಶದ ಹಿತ ಮತ್ತು ನಮ್ಮ ಹವಾಮಾನ: ಸ್ವಸಹಾಯ ಸಂಘಗಳ ಹಾಗೂ ಕಿರು ಕ್ರೈಸ್ತ ಸಮುದಾಯಗಳ ತಿಂಗಳ ಸಭೆಗೆ ಅಧ್ಯಯನ ಪಾಠ



ಉಳ್ಳಾಲದ ಕಡೆಯ ಒಂದು ಸಂಘದ ಸಭೆಗೆ ನಾವು ಹೋಗಿದ್ದ ದಿನದ ಮಾತಿದು. ಉಳಿತಾಯದ ಹಣದ ಲೆಕ್ಕವಾಯಿತು, ಸಾಲದ ಕಂತು ಪುಸ್ತಕಕ್ಕೆ ಏರಿತು, ಚಹಾ ಬಂತು. ಹೊರಗೆ ಕಡಲು ಬೊಬ್ಬೆ ಹಾಕುತ್ತಿತ್ತು. ಮಾತು ತಾನಾಗಿಯೇ ಕಡಲ್ಕೊರೆತಕ್ಕೆ ತಿರುಗಿತು. ಆಗ ಮೀನು ಮಾರಿ ಮನೆ ನಡೆಸುವ ಒಬ್ಬ ಸದಸ್ಯೆ ಕೇಳಿದರು: "ಸಿಸ್ಟರ್, ನಮ್ಮ ಓಟು ತಗೊಂಡು ಹೋದವರು ಅಲ್ಲಿ ಕೂತು ಸಮುದ್ರದ ಬಗ್ಗೆ, ಗುಡ್ಡದ ಬಗ್ಗೆ ಕಾನೂನು ಮಾಡ್ತಾರಲ್ಲ, ಆಗ ಅವರು ಯಾವ ಕಡೆಗೆ ಕೈ ಎತ್ತಿದ್ದು ಅಂತ ನಮಗೆ ಗೊತ್ತಾಗುದು ಹೇಗೆ?"

ನಾವು ಉತ್ತರ ಹುಡುಕುವ ಮೊದಲೇ ಪಕ್ಕದವರು ಹೇಳಿದರು: "ಪಕ್ಷದವರು ಹೇಳಿದ ಕಡೆಗೆ, ಮತ್ತೆಂತ!" ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಹಿಂತಿರುಗುವ ಬಸ್ಸಿನಲ್ಲಿ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಇಷ್ಟು ವರ್ಷ ಮತದಾರರ ಜಾಗೃತಿ ಶಿಬಿರಗಳನ್ನು ನಡೆಸಿದ್ದೇವೆ. ಓಟು ಹಾಕಿ, ಹಣಕ್ಕೆ ಮಾರಬೇಡಿ ಎಂದು ಹೇಳಿದ್ದೇವೆ. ಓಟು ಪಡೆದವರು ಆಮೇಲೆ ಹೇಗೆ ಓಟು ಹಾಕುತ್ತಾರೆ ಎಂದು ಒಮ್ಮೆಯೂ ಪಾಠ ಮಾಡಿರಲಿಲ್ಲ. ಈ ಪಾಠ ಆ ಸಾಲ ತೀರಿಸುವ ಪ್ರಯತ್ನ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಈ ಪಾಠ ಯಾವ ಪಕ್ಷದ ಪರವೂ ಅಲ್ಲ, ವಿರೋಧವೂ ಅಲ್ಲ. ಓದುವಾಗ "ಇದು ನಮ್ಮವರಿಗೆ ಹೇಳಿದ್ದು" ಎಂದು ಯಾರಿಗಾದರೂ ಚುಚ್ಚಿದರೆ, ದಯವಿಟ್ಟು ಕೊನೆಯವರೆಗೆ ಓದಿ. ಕೊನೆಗೆ ನಮಗೂ ಚುಚ್ಚುತ್ತದೆ.

1. ಇದು ದೂರದ ವಿಷಯವಲ್ಲ

ಹವಾಮಾನ ಬದಲಾವಣೆ ಅಂದರೆ ಹಿಮ ಕರಗುವ ಕಥೆ ಎಂದು ಹಿಂದೆ ಅಂದುಕೊಳ್ಳುತ್ತಿದ್ದೆವು. ಈಗ ಅದು ನಮ್ಮ ಅಂಗಳಕ್ಕೆ ಬಂದಿದೆ. 2016ರಲ್ಲಿ, 2019ರಲ್ಲಿ, ಮತ್ತೆ 2023ರಲ್ಲಿ ಬೇಸಿಗೆಯ ಕೊನೆಗೆ ತುಂಬೆ ಅಣೆಕಟ್ಟಿನ ನೀರು ತಳ ಹಿಡಿದು ಮಂಗಳೂರು ನಗರ ನೀರಿಗಾಗಿ ಕಾಯಿತು. 2018ರ ಆಗಸ್ಟಿನಲ್ಲಿ ಕೊಡಗು ಮತ್ತು ಜೋಡುಪಾಲದ ಗುಡ್ಡಗಳು ಜರಿದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ ಮುಚ್ಚಿಹೋಯಿತು. ಎರಡು ವಾರದ ನಂತರ, ಜುಲೈ 30ರಂದು, ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿತು. ಆ ತಿಂಗಳು ಮುಗಿಯುವ ಮೊದಲೇ ನಮ್ಮ ಮಂಜನಾಡಿಯ ಬಳಿ ಗುಡ್ಡ ಮನೆಯ ಮೇಲೆ ಜರಿದು ಜೀವಗಳು ಹೋದವು.

ಇವೆಲ್ಲಕ್ಕೂ ಹವಾಮಾನ ಒಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಗುಡ್ಡವನ್ನು ಬುಡದಿಂದ ಕೊರೆದದ್ದು, ತೋಡು ಮುಚ್ಚಿದ್ದು, ಗದ್ದೆ ತುಂಬಿಸಿದ್ದು ಕೂಡಾ ಸೇರಿದೆ. ಮೊಂತಿ ಹಬ್ಬಕ್ಕೆ ಹೊಸ ತೆನೆ ಬೇಕೆಂದರೆ ಊರೂರು ಹುಡುಕಬೇಕಾದ ಕಾಲ ಇದು. ಆದರೆ ಒಂದೇ ದಿನದಲ್ಲಿ ಸುರಿಯುವ ವಿಪರೀತ ಮಳೆಗೆ ಬೆಚ್ಚಗಾಗುತ್ತಿರುವ ಅರಬ್ಬೀ ಸಮುದ್ರದ ಪಾಲುಂಟು ಎಂದು ವಿಜ್ಞಾನಿಗಳು ಹೇಳುತ್ತಾರೆ. ಕಾಡು, ಗುಡ್ಡ, ಕರಾವಳಿ ಉಳಿಸುವ ಕಾನೂನು ಗಟ್ಟಿಯಾಗಿದ್ದರೆ ಪೆಟ್ಟು ಕಡಿಮೆಯಾಗುತ್ತದೆ, ಸಡಿಲವಾದರೆ ಹೆಚ್ಚಾಗುತ್ತದೆ. ಆ ಕಾನೂನು ಗಟ್ಟಿಯಾಗುವುದೋ ಸಡಿಲವಾಗುವುದೋ ಎಂಬುದು ದೆಹಲಿ ಮತ್ತು ಬೆಂಗಳೂರಿನಲ್ಲಿ ತೀರ್ಮಾನವಾಗುತ್ತದೆ.

2. ವಿಪ್ ಅಂದರೆ ಎಂತ?

ನಮ್ಮ ಸಂಘವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಪ್ಪತ್ತು ಮಂದಿ ಇದ್ದೀರಿ. ಒಬ್ಬರಿಗೆ ಸಾಲ ಕೊಡಬೇಕೋ ಬೇಡವೋ ಎಂಬ ಚರ್ಚೆ. ಅಷ್ಟರಲ್ಲಿ ಒಕ್ಕೂಟದಿಂದ ಚೀಟಿ ಬಂತು: "ಎಲ್ಲರೂ ಹೂಂ ಅನ್ನಬೇಕು. ಅನ್ನದವರ ಸದಸ್ಯತ್ವ ರದ್ದು." ಇನ್ನು ಚರ್ಚೆ ಯಾಕೆ? ಕೈ ಎತ್ತಿ, ಚಹಾ ಕುಡಿದು ಮನೆಗೆ ಹೋಗುವುದು.

ಆ ಚೀಟಿಗೆ ಲೋಕಸಭೆ, ವಿಧಾನಸಭೆಗಳಲ್ಲಿ ವಿಪ್ ಎಂದು ಹೆಸರು. ಅದನ್ನು ಕೊಡುವವರು ಪಕ್ಷದ ಮುಖ್ಯ ಸಚೇತಕರು. ಸಂವಿಧಾನದ 10ನೇ ಅನುಸೂಚಿಯ ಪ್ರಕಾರ, ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದರೆ ಅಥವಾ ಮತ ಹಾಕದೆ ಕುಳಿತರೆ ಸದಸ್ಯತ್ವವೇ ಹೋಗಬಹುದು. ಮೊದಲೇ ಅನುಮತಿ ಪಡೆದಿದ್ದರೆ, ಅಥವಾ 15 ದಿನದೊಳಗೆ ಪಕ್ಷ ಮನ್ನಿಸಿದರೆ ಮಾತ್ರ ಉಳಿಯುತ್ತದೆ.

ಈ ಕಾಯ್ದೆಗೆ ಒಳ್ಳೆಯ ಕಾರಣವೇ ಇತ್ತು. 1967ರಲ್ಲಿ ಹರಿಯಾಣದ ಶಾಸಕ ಗಯಾ ಲಾಲ್ ಎರಡು ವಾರದೊಳಗೆ ಮೂರು ಸಲ ಪಕ್ಷ ಬದಲಿಸಿದರು. "ಆಯಾ ರಾಮ್, ಗಯಾ ರಾಮ್" ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಹಣಕ್ಕೆ, ಮಂತ್ರಿಗಿರಿಗೆ ಹಾರುವವರನ್ನು ತಡೆಯಲು 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದರು. 2003ರಲ್ಲಿ 91ನೇ ತಿದ್ದುಪಡಿಯಿಂದ ಅದನ್ನು ಇನ್ನೂ ಬಿಗಿ ಮಾಡಿದರು. ಪಕ್ಷದ ಚಿಹ್ನೆ ನೋಡಿ ಜನ ಓಟು ಹಾಕಿದ ಮೇಲೆ ಪಕ್ಷಕ್ಕೆ ನಿಷ್ಠೆ ಬೇಕಲ್ಲವಾ? ಅದು ನ್ಯಾಯವೇ.

ಆದರೆ ಬಲೆ ಹೇಗೆ ಕೆಲಸ ಮಾಡಿತು ನೋಡಿ. 2019ರಲ್ಲಿ ನಮ್ಮ ರಾಜ್ಯದಲ್ಲಿ 17 ಶಾಸಕರು ಅನರ್ಹರಾದರು, ಸರಕಾರ ಬಿತ್ತು. ಅದೇ ವರ್ಷ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಚುನಾವಣೆಗೆ ನಿಲ್ಲಲು ಬಿಟ್ಟಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹಲವರು ಬೇರೆ ಪಕ್ಷದಿಂದ ಗೆದ್ದು ಬಂದರು. ದೊಡ್ಡ ಮೀನು ಬಲೆ ಹರಿದು ಹೋಯಿತು. ಸಿಕ್ಕಿಬಿದ್ದದ್ದು ಬೂತಾಯಿ. ಅಂದರೆ, ಪಕ್ಷ ಬಿಡುವ ಆಸೆಯಿಲ್ಲದೆ, ಒಂದು ಮಸೂದೆಯ ವಿಷಯದಲ್ಲಿ ಮಾತ್ರ "ಇದು ನನ್ನ ಜನರಿಗೆ, ದೇಶಕ್ಕೆ ಒಳ್ಳೆಯದಲ್ಲ" ಎಂದು ಹೇಳಬಯಸುವ ಪ್ರಾಮಾಣಿಕ ಸದಸ್ಯ.

ಇದನ್ನು ಬಲ್ಲವರು ಮೊದಲೇ ಕಂಡಿದ್ದರು. 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ, ಸರಕಾರದ ಅಳಿವು ಉಳಿವಿನ ಮತದಾನಕ್ಕೆ ಮಾತ್ರ ಅನರ್ಹತೆ ಇರಲಿ ಎಂದಿತು. 1992ರಲ್ಲಿ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಒಪ್ಪಿತು. ಆದರೆ ವಿಶ್ವಾಸಮತಕ್ಕೆ, ಹಾಗೂ ಪಕ್ಷ ಯಾವ ಮೂಲ ನೀತಿ ಮುಂದಿಟ್ಟು ಜನರ ಬಳಿ ಹೋಗಿತ್ತೋ ಅಂಥ ವಿಷಯಕ್ಕೆ ಮಾತ್ರ ಅನರ್ಹತೆಯ ಆಜ್ಞೆ ಸೀಮಿತವಾಗಿರಬೇಕು ಎಂದು ತಿಳಿಸಿತು. 2010ರಲ್ಲಿ ಸಂಸದ ಮನೀಶ್ ತಿವಾರಿ ಇದೇ ಉದ್ದೇಶದ ಖಾಸಗಿ ಮಸೂದೆ ಮಂಡಿಸಿದರು, ಆಮೇಲೂ ತಂದರು. ಅದು ಕಾಯ್ದೆಯಾಗಲಿಲ್ಲ.

ವಿಚಿತ್ರ ನೋಡಿ. ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ಯಾವ ಕೋರ್ಟೂ ಕೇಳುವಂತಿಲ್ಲ ಎಂದು ಸಂವಿಧಾನದ 105 ಮತ್ತು 194ನೇ ವಿಧಿಗಳು ಸದಸ್ಯರಿಗೆ ರಕ್ಷಣೆ ಕೊಟ್ಟಿವೆ. ಕೋರ್ಟಿನ ಹೆದರಿಕೆ ಇಲ್ಲ. ಹೆದರಿಕೆ ಇರುವುದು ಪಕ್ಷದ ಕಚೇರಿಯದ್ದು.

3. ಲೆಕ್ಕವೇ ಇಲ್ಲದ ಒಂದು ಮತ

ಈಗ ಉಳ್ಳಾಲದ ಸಹೋದರಿಯ ಪ್ರಶ್ನೆಗೆ ಬರೋಣ. ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳುತ್ತೇವೆ.

1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ದೊಡ್ಡ ತಿದ್ದುಪಡಿ ಬಂತು. 1996ರ ಗೋದಾವರ್ಮನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ದಾಖಲೆಯಲ್ಲಿ ಅರಣ್ಯವೆಂದು ಇರಲಿ ಬಿಡಲಿ, ನೋಡಲು ಕಾಡಾಗಿದ್ದರೆ ಅದಕ್ಕೂ ರಕ್ಷಣೆ ಉಂಟು ಎಂದಿತ್ತು. ನಮ್ಮ ರಾಜ್ಯದಲ್ಲಿ ಇದಕ್ಕೆ ಪರಿಭಾವಿತ ಅರಣ್ಯ ಅಂತ ಹೆಸರು. 2023ರ ತಿದ್ದುಪಡಿ, ಸರಕಾರಿ ದಾಖಲೆಯಲ್ಲಿ ಅರಣ್ಯವೆಂದು ಬರೆದ ಜಾಗಕ್ಕೆ ಮುಖ್ಯವಾಗಿ ಕಾಯ್ದೆಯನ್ನು ಸೀಮಿತಗೊಳಿಸಿತು. ಅಂತರರಾಷ್ಟ್ರೀಯ ಗಡಿಯಿಂದ 100 ಕಿಲೋಮೀಟರ್ ಒಳಗಿನ ರಕ್ಷಣಾ ಮಹತ್ವದ ರಸ್ತೆಯಂಥ ಯೋಜನೆಗಳಿಗೆ ವಿನಾಯಿತಿ ಕೊಟ್ಟಿತು.

ಎರಡೂ ಕಡೆಯ ವಾದ ಕೇಳಬೇಕು. ಸರಕಾರ ಹೇಳಿದ್ದು: ತನ್ನ ಜಾಗದಲ್ಲಿ ಮರ ಬೆಳೆಸಿದರೆ ನಾಳೆ ಅದನ್ನು ಕಾಡೆಂದು ಘೋಷಿಸುತ್ತಾರೆಂಬ ಹೆದರಿಕೆ ಹೋಗಬೇಕು, ಜನ ಹೆಚ್ಚು ಮರ ನೆಡಬೇಕು, 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಗುರಿ ಮುಟ್ಟಬೇಕು, ಗಡಿಯಲ್ಲಿ ರಸ್ತೆ ಬೇಗ ಆಗಬೇಕು. ವಿರೋಧಿಸಿದವರು ಹೇಳಿದ್ದು: ದಾಖಲೆಗೆ ಸೇರದ ನಿಜವಾದ ಕಾಡುಗಳು ರಕ್ಷಣೆ ಕಳೆದುಕೊಳ್ಳುತ್ತವೆ, ನೆಟ್ಟ ತೋಪು ಹಳೆಯ ಕಾಡಿಗೆ ಸಮವಲ್ಲ, ಕಾಡಿನಲ್ಲಿ ಬದುಕುವವರ ಮಾತು ಕೇಳಿಲ್ಲ. ಇಬ್ಬರೂ ದೇಶದ ಹೆಸರಿನಲ್ಲೇ ಮಾತಾಡಿದರು. ಹಾಗಾದರೆ ಇಂಥದ್ದನ್ನು ಒಬ್ಬೊಬ್ಬ ಸದಸ್ಯನೂ ತೂಗಿ ನೋಡಬೇಕಿತ್ತು.

ಆದದ್ದು ಏನು? ಮಸೂದೆ ಸಂಸತ್ತಿನ ಜಂಟಿ ಸಮಿತಿಗೆ ಹೋಯಿತು. ವಿರೋಧ ಪಕ್ಷಗಳ ಕೆಲವು ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದರು. ಸಮಿತಿ ಮಸೂದೆಯಲ್ಲಿ ಏನೂ ಬದಲಿಸಲಿಲ್ಲ. 2023ರ ಜುಲೈ 26ರಂದು, ಮಣಿಪುರದ ವಿಷಯದಲ್ಲಿ ಸದನ ಗದ್ದಲದಲ್ಲಿದ್ದಾಗ, ಲೋಕಸಭೆ ಅದನ್ನು ಧ್ವನಿಮತದಿಂದ ಅಂಗೀಕರಿಸಿತು. ಆಗಸ್ಟ್ 2ರಂದು ರಾಜ್ಯಸಭೆಯಲ್ಲೂ ಅಂಗೀಕಾರವಾಯಿತು.

ಧ್ವನಿಮತ ಅಂದರೆ "ಪರವಾಗಿರುವವರು ಹೌದು ಎನ್ನಿ, ವಿರೋಧವಿರುವವರು ಇಲ್ಲ ಎನ್ನಿ" ಎಂದು ಕೇಳಿ, ಯಾವ ಸದ್ದು ಜೋರು ಎಂದು ಸಭಾಧ್ಯಕ್ಷರು ತೀರ್ಮಾನಿಸುವುದು. ಹೆಸರಿಲ್ಲ, ಎಣಿಕೆ ಇಲ್ಲ. ಆಗ ಕರ್ನಾಟಕದಿಂದ ಲೋಕಸಭೆಗೆ ಹೋದವರು 28 ಮಂದಿ. ಅವರಲ್ಲಿ ಯಾರು ಹೌದೆಂದರು, ಯಾರು ಇಲ್ಲವೆಂದರು, ಯಾರು ಹೊರಗೆ ಕುಳಿತಿದ್ದರು? ಮತದ ಪಟ್ಟಿ ಎಂಬುದೇ ಇಲ್ಲ. ಸಭಾಧ್ಯಕ್ಷರ ತೀರ್ಮಾನವನ್ನು ಸದಸ್ಯರು ಪ್ರಶ್ನಿಸಿ ಮತವಿಭಜನೆ ಕೇಳಿದರೆ ಮಾತ್ರ ಪ್ರತಿಯೊಬ್ಬರ ಮತ ಹೆಸರಿನೊಂದಿಗೆ ದಾಖಲಾಗುತ್ತದೆ. ನಮ್ಮ ಸಂಘದಲ್ಲಿ 500 ರೂಪಾಯಿ ಸಾಲ ಕೊಟ್ಟರೂ ನಡಾವಳಿ ಬರೆದು ಸಹಿ ಹಾಕುತ್ತೇವೆ. ದೇಶದ ಕಾಡಿನ ತೀರ್ಮಾನಕ್ಕೆ ಸಹಿ ಇಲ್ಲ!

ಕಥೆ ಅಲ್ಲಿಗೆ ಮುಗಿಯಲಿಲ್ಲ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ ಗೋದಾವರ್ಮನ್ ತೀರ್ಪಿನ ಅರ್ಥವನ್ನೇ ಅನುಸರಿಸಿ ಎಂದಿತು. ಸದನ ತೂಗಿ ನೋಡದ್ದನ್ನು ಕೋರ್ಟು ತೂಗಬೇಕಾಯಿತು.

ಇನ್ನೊಂದು ಸಂಗತಿ. ಹವಾಮಾನದ ಎಷ್ಟೋ ದೊಡ್ಡ ತೀರ್ಮಾನಗಳು ನಮ್ಮಲ್ಲಿ ಮತಕ್ಕೇ ಬರುವುದಿಲ್ಲ. ಪ್ಯಾರಿಸ್ ಒಪ್ಪಂದವನ್ನು ಭಾರತ 2016ರ ಗಾಂಧಿ ಜಯಂತಿಯಂದು ಅನುಮೋದಿಸಿದ್ದು ಸಚಿವ ಸಂಪುಟದ ತೀರ್ಮಾನದಿಂದ. ಕರಾವಳಿಯಲ್ಲಿ ಎಲ್ಲಿ ಕಟ್ಟಡ ಕಟ್ಟಬಹುದೆಂದು ಹೇಳುವ 2019ರ ಸಿ.ಆರ್.ಝಡ್. ನಿಯಮ ಬಂದದ್ದು ಅಧಿಸೂಚನೆಯಿಂದ. ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಗ್ರಾಮೀಣ ಕರಾವಳಿಯಲ್ಲಿ, ಕಟ್ಟಡ ಕಟ್ಟಬಾರದ ಜಾಗ 200 ಮೀಟರಿನಿಂದ 50 ಮೀಟರಿಗೆ ಇಳಿದದ್ದು ಅದರಲ್ಲೇ.

4. ಬಿಡುಗಡೆ ಸಿಕ್ಕಿದರೆ ಸಾಕಾ?

ಹಾಗಾದರೆ ವಿಪ್ ತೆಗೆದುಹಾಕಿದರೆ ಎಲ್ಲ ಸರಿಯಾಗುತ್ತದಾ? ಹೊರದೇಶಗಳನ್ನು ನೋಡೋಣ.

ಬ್ರಿಟನ್ನಿನಲ್ಲಿ 2008ರಲ್ಲಿ ಹವಾಮಾನ ಬದಲಾವಣೆ ಕಾಯ್ದೆ ಬಂದಾಗ ಆಡಳಿತ ಪಕ್ಷ, ಮುಖ್ಯ ವಿರೋಧ ಪಕ್ಷ ಎರಡೂ ಬೆಂಬಲಿಸಿದವು. ವಿರೋಧಿಸಿದವರು ಬೆರಳೆಣಿಕೆಯಷ್ಟು ಮಂದಿ. ಪಕ್ಷಗಳು ಪೈಪೋಟಿ ಬಿಟ್ಟು ಒಂದಾದರೆ ಹೀಗೂ ಆಗಬಹುದು.

ಅಮೆರಿಕದಲ್ಲಿ ಪಕ್ಷದ ಮಾತು ಮೀರಿದರೆ ಸದಸ್ಯತ್ವ ಹೋಗುವುದಿಲ್ಲ. 2009ರ ಜೂನಿನಲ್ಲಿ ಹವಾಮಾನ ಮಸೂದೆಯೊಂದು ಅಲ್ಲಿನ ಕೆಳಮನೆಯಲ್ಲಿ 219ಕ್ಕೆ 212 ಮತಗಳಿಂದ ದಾಟಿತು. ಅಧ್ಯಕ್ಷ ಒಬಾಮರ ಪಕ್ಷದವರೇ 44 ಮಂದಿ ವಿರುದ್ಧ ಮತ ಹಾಕಿದರು. ಎದುರು ಪಕ್ಷದ 8 ಮಂದಿ ಪರವಾಗಿ ಹಾಕಿದರು. ವಿರೋಧಿಸಿದ ಆ 44ರಲ್ಲಿ ಅನೇಕರು ಕಲ್ಲಿದ್ದಲು, ಕೃಷಿ, ಕಾರ್ಖಾನೆ ಇರುವ ಕ್ಷೇತ್ರದವರು. ತಮ್ಮ ಮತದಾರರಿಗೆ ಹೆದರಿದರು. ಆ ಮಸೂದೆ ಮೇಲ್ಮನೆಯಲ್ಲಿ ಮತಕ್ಕೇ ಬಾರದೆ ಸತ್ತಿತು.

ಆಸ್ಟ್ರೇಲಿಯಾದಲ್ಲಿ ಅದೇ ವರ್ಷ ಡಿಸೆಂಬರಿನಲ್ಲಿ, ಸರಕಾರದ ಹವಾಮಾನ ಯೋಜನೆಗೆ ಬೆಂಬಲ ಕೊಡೋಣ ಎಂದ ವಿರೋಧ ಪಕ್ಷದ ನಾಯಕ ಮಾಲ್ಕಮ್ ಟರ್ನ್‌ಬುಲ್ ಒಂದೇ ಮತದಿಂದ ನಾಯಕತ್ವ ಕಳೆದುಕೊಂಡರು. ಮರುದಿನ ಮೇಲ್ಮನೆಯಲ್ಲಿ ಅವರ ಪಕ್ಷದ ಇಬ್ಬರು ಮಹಿಳಾ ಸದಸ್ಯರು ಪಕ್ಷದ ವಿರುದ್ಧ ಮತ ಹಾಕಿದರೂ ಮಸೂದೆ ಬಿತ್ತು.

ಇದರಿಂದ ನಾವು ಕಲಿತದ್ದು ಇಷ್ಟು: ಸದಸ್ಯರ ಕುತ್ತಿಗೆಗೆ ಎರಡು ಹಗ್ಗ ಉಂಟು. ಒಂದು ಪಕ್ಷದ್ದು, ಇನ್ನೊಂದು ಮತದಾರರದ್ದು. ಮೊದಲನೆಯದನ್ನು ಬಿಚ್ಚಿದರೂ ಎರಡನೆಯದು ಇರುತ್ತದೆ. ಅದರ ತುದಿ ನಮ್ಮ ಕೈಯಲ್ಲಿದೆ.

5. ಘಟ್ಟದ ವಿಷಯದಲ್ಲಿ ವಿಪ್ ಬೇಕಾಗಲೇ ಇಲ್ಲ

ಪಶ್ಚಿಮ ಘಟ್ಟ ನಮ್ಮ ನೀರಿನ ಟ್ಯಾಂಕಿ. ಮಂಗಳೂರು ಕುಡಿಯುವ ನೇತ್ರಾವತಿ ಹುಟ್ಟುವುದು ಅಲ್ಲಿ. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ, ಇಡೀ ಘಟ್ಟವನ್ನು ಸೂಕ್ಷ್ಮ ಪ್ರದೇಶವೆಂದು ಪರಿಗಣಿಸಿ ಮೂರು ವಲಯ ಮಾಡಿ, ಗ್ರಾಮಸಭೆಯನ್ನು ಕೇಳಿ ತೀರ್ಮಾನಿಸಿ ಎಂದು ವರದಿ ಕೊಟ್ಟಿತು. ವಿರೋಧ ಬಂತು. 2013ರಲ್ಲಿ ಕೆ. ಕಸ್ತೂರಿರಂಗನ್ ನೇತೃತ್ವದ ಗುಂಪು ಅದನ್ನು ಇಳಿಸಿ, ಘಟ್ಟದ ಸುಮಾರು ಶೇಕಡಾ 37 ಭಾಗ ಸಾಕು ಎಂದಿತು. ಅದಕ್ಕೂ ವಿರೋಧ ಬಂತು. 2014ರಿಂದ 2024ರ ಜುಲೈ 31ರವರೆಗೆ ಕೇಂದ್ರ ಸರಕಾರ ಆರು ಸಲ ಕರಡು ಅಧಿಸೂಚನೆ ಹೊರಡಿಸಿತು. 2024ರ ಕರಡಿನಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಬೆಳ್ತಂಗಡಿ, ಸುಳ್ಯ ಕಡೆಯ ಗ್ರಾಮಗಳೂ ಅದರಲ್ಲಿವೆ.

ಕರ್ನಾಟಕದಲ್ಲಿ ಈ ವರ್ಷಗಳಲ್ಲಿ ಸರಕಾರಗಳು ಬದಲಾದವು, ಪಕ್ಷಗಳು ಬದಲಾದವು. ಉತ್ತರ ಬದಲಾಗಲಿಲ್ಲ. ಎಲ್ಲರೂ ಬೇಡ ಎಂದರು. ವಯನಾಡಿನ ದುರಂತ ನಡೆದು ಎರಡು ತಿಂಗಳಾಗುವಾಗ, 2024ರ ಸೆಪ್ಟೆಂಬರಿನಲ್ಲಿ, ರಾಜ್ಯ ಸಚಿವ ಸಂಪುಟ ಮತ್ತೊಮ್ಮೆ ವರದಿಯನ್ನು ತಿರಸ್ಕರಿಸಿತು. ಬೇರೆ ಎಲ್ಲದಕ್ಕೂ ಜಗಳವಾಡುವ ಪಕ್ಷಗಳು ಇದರಲ್ಲಿ ಒಂದಾದವು. ವಿಪ್ ಬೇಕಾಗಲಿಲ್ಲ. ಎಳೆದದ್ದು ಎರಡನೆಯ ಹಗ್ಗ.

ಘಟ್ಟದ ಬುಡದ ಕುಟುಂಬಗಳ ಹೆದರಿಕೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆ ಮನೆಗಳಿಗೆ ಹೋಗಿ ಬಂದವರು ನಾವು. "ನಾಳೆ ಬಂದು ಮನೆ ಬಿಡಿ ಅಂತಾರೆ ಸಿಸ್ಟರ್, ಅಡಿಕೆ ತೋಟ ಎತ್ತಿಕೊಂಡು ಹೋಗ್ಲಿಕ್ಕೆ ಆಗ್ತದಾ?" ಎಂದು ಕೇಳಿದವರುಂಟು. ಕಾಡಿನ ಅಧಿಕಾರಿಗಳಿಂದ ಕಷ್ಟ ಅನುಭವಿಸಿದವರಿಗೆ ಸರಕಾರದ ಕಾಗದದ ಮೇಲೆ ನಂಬಿಕೆ ಬರುವುದು ಹೇಗೆ? ಆದರೆ ಕರಡಿನಲ್ಲಿ ನಿಷೇಧ ಎಂದು ಇರುವುದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ಹೊಸ ಉಷ್ಣವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಹೊಸ ಕಾರ್ಖಾನೆ, 20,000 ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡ. ಜಾಗದ ಒಡೆತನ ಹೋಗುವುದಿಲ್ಲ, ಕೃಷಿ ನಿಲ್ಲುವುದಿಲ್ಲ. ಇದನ್ನು ಕನ್ನಡದಲ್ಲಿ, ತುಳುವಿನಲ್ಲಿ ಮನೆಮನೆಗೆ ಯಾರು ಹೇಳಿದರು? ಹೆದರಿಕೆ ಹಬ್ಬಿಸಿದವರು ಬೇಗ ತಲುಪಿದರು. ತಿಳಿವಳಿಕೆ ಕೊಡಬೇಕಾದ ನಾವು ತಡವಾದೆವು.

6. ಇಡುಕ್ಕಿಯ ಪಾಠ

ಇಲ್ಲಿ ನಮ್ಮ ಧರ್ಮಸಭೆಯ ಒಂದು ಮಾತನ್ನೂ ಹೇಳಲೇಬೇಕು. ಪಕ್ಕದ ಕೇರಳದ ಇಡುಕ್ಕಿಯಲ್ಲಿ 2009ರಿಂದ 2014ರವರೆಗೆ ಪಿ.ಟಿ. ಥಾಮಸ್ ಎಂಬವರು ಸಂಸದರಾಗಿದ್ದರು. ಅವರು ಗಾಡ್ಗೀಳ್ ವರದಿಯನ್ನು ಬಹಿರಂಗವಾಗಿ ಬೆಂಬಲಿಸಿದರು. ಅವರ ಕ್ಷೇತ್ರದ ಗುಡ್ಡಗಾಡಿನ ರೈತರು ಸಿಟ್ಟಾದರು. ಅಲ್ಲಿನ ಧರ್ಮಪ್ರಾಂತ್ಯವೂ ವಿರೋಧದ ಮುಂಚೂಣಿಯಲ್ಲಿತ್ತು. ಜೀವಂತ ಇದ್ದ ಮನುಷ್ಯನ ಅಣಕು ಶವಯಾತ್ರೆ ನಡೆಯಿತು. 2014ರಲ್ಲಿ ಅವರ ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ. ಬೇರೆಯವರನ್ನು ನಿಲ್ಲಿಸಿದರೂ ಪಕ್ಷ ಆ ಸೀಟು ಸೋತಿತು. ಥಾಮಸ್ ಮಾತು ಬದಲಿಸಲಿಲ್ಲ. ಆಮೇಲೆ ಬೇರೆ ಕ್ಷೇತ್ರದಿಂದ ಶಾಸಕರಾದರು, 2021ರ ಡಿಸೆಂಬರಿನಲ್ಲಿ ತೀರಿಕೊಂಡರು.

ಅವರು ಹೇಳಿದ್ದೆಲ್ಲ ಸರಿ, ರೈತರದ್ದು ತಪ್ಪು ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆ ರೈತರಿಗೂ ಹೊಟ್ಟೆ ಉಂಟು, ಮಕ್ಕಳುಂಟು. ನಮ್ಮನ್ನು ಕಾಡುವುದು ಇದು: ಮನಸ್ಸಾಕ್ಷಿಯಂತೆ ಮಾತಾಡಿದ ಒಬ್ಬ ಪ್ರತಿನಿಧಿಯನ್ನು ಪಕ್ಷದೊಂದಿಗೆ ನಾವೂ, ಅಂದರೆ ಪೂಜೆಗೆ ಹೋಗುವ ಜನರೂ, ಶಿಕ್ಷಿಸಿದೆವು. ಅದನ್ನು ನೋಡಿದ ಬೇರೆ ಶಾಸಕರು, ಸಂಸದರು ಎಂತ ಕಲಿತಿರಬಹುದು?

7. ವಿಶ್ವಾಸದ ಬೆಳಕಿನಲ್ಲಿ

ಪೋಪ್ ಫ್ರಾನ್ಸಿಸ್ 2015ರ "ಲಾವುದಾತೊ ಸಿ" ವಿಶ್ವಪತ್ರದಲ್ಲಿ, ಚುನಾವಣೆಯ ಲಾಭವನ್ನೇ ನೋಡುವ ರಾಜಕೀಯ ಭೂಮಿಯ ದೂರದ ಹಿತವನ್ನು ಮರೆಯುತ್ತದೆ ಎಂದು ಎಚ್ಚರಿಸಿದರು. ಸಂತ ಥಾಮಸ್ ಮೋರ್ ಇಂಗ್ಲೆಂಡಿನ ರಾಜನಿಗೆ ನಿಷ್ಠಾವಂತ ಅಧಿಕಾರಿ. ಆದರೂ ಮನಸ್ಸಾಕ್ಷಿ ಒಪ್ಪದ ಪ್ರಮಾಣಕ್ಕೆ ಸಹಿ ಹಾಕಲಿಲ್ಲ. 1535ರಲ್ಲಿ ತಲೆ ಕೊಟ್ಟರು. 2000ದಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಸಾರಿದರು. ನಿಷ್ಠೆ ಒಳ್ಳೆಯ ಗುಣ, ಆದರೆ ನಿಷ್ಠೆಗೂ ಒಂದು ಗಡಿ ಉಂಟು ಎಂಬುದು ಅವರ ಬದುಕಿನ ಪಾಠ.

ಹಾಗಂತ "ದೇಶಹಿತ" ಎಂಬ ಪದ ಕೇಳಿದ ಕೂಡಲೇ ತಲೆ ಬಾಗಿಸಬೇಕಿಲ್ಲ. ಎತ್ತಿನಹೊಳೆ ಯೋಜನೆಯನ್ನೇ ನೋಡಿ. 2012ರಲ್ಲಿ ಒಂದು ಪಕ್ಷದ ಸರಕಾರ ಒಪ್ಪಿಗೆ ಕೊಟ್ಟಿತು, 2014ರಲ್ಲಿ ಇನ್ನೊಂದು ಪಕ್ಷದ ಸರಕಾರ ಶಿಲಾನ್ಯಾಸ ಮಾಡಿತು, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಕೋಲಾರ, ಚಿಕ್ಕಬಳ್ಳಾಪುರದ ತಾಯಂದಿರಿಗೆ ಕುಡಿಯುವ ನೀರು ಬೇಕು, ಅದು ಸತ್ಯ. ನೇತ್ರಾವತಿ ಬತ್ತಿದರೆ ನಾವು ಎಲ್ಲಿಗೆ ಹೋಗುವುದು, ಅದೂ ಸತ್ಯ. ಯಾರ ಹಿತ ಎಂಬ ಪ್ರಶ್ನೆ ಬಂದಾಗ ನಮ್ಮ ಸಂಘಗಳು ಮೂರು ಮಾತು ಕೇಳಬಹುದು: ಇದರಿಂದ ಲಾಭ ಯಾರಿಗೆ? ಕಷ್ಟ ಹೊರುವವರು ಯಾರು, ಅವರನ್ನು ಕೇಳಿದ್ದಾರಾ? ಮೂವತ್ತು ವರ್ಷದ ನಂತರ ಇಲ್ಲಿ ಬದುಕುವ ಮಕ್ಕಳಿಗೆ ಎಂತ ಉಳಿಯುತ್ತದೆ?

8. ವಿಪ್ ಇಲ್ಲದ ಸಭೆ ನಮ್ಮ ಹತ್ತಿರವೇ ಉಂಟು

ಲೋಕಸಭೆ ದೂರ. ಆದರೆ ಗ್ರಾಮ ಪಂಚಾಯತ್? ಕರ್ನಾಟಕದಲ್ಲಿ ಗ್ರಾಮ ಪಂಚಾಯತ್ ಚುನಾವಣೆ ಪಕ್ಷದ ಚಿಹ್ನೆಯಲ್ಲಿ ನಡೆಯುವುದಿಲ್ಲ. ನಗರಪಾಲಿಕೆ, ತಾಲೂಕು, ಜಿಲ್ಲಾ ಪಂಚಾಯತುಗಳಿಗೆ 1987ರ ರಾಜ್ಯ ಪಕ್ಷಾಂತರ ನಿಷೇಧ ಕಾಯ್ದೆ ಉಂಟು. ಗ್ರಾಮ ಪಂಚಾಯತ್ ಸದಸ್ಯೆಗೆ ಪಕ್ಷದ ವಿಪ್ ಇಲ್ಲ. ಅರ್ಧದಷ್ಟು ಸ್ಥಾನ ಮಹಿಳೆಯರದ್ದು. ನಮ್ಮ ಸಂಘಗಳಿಂದಲೇ ಎಷ್ಟೋ ಸಹೋದರಿಯರು ಆರಿಸಿ ಬಂದಿದ್ದಾರೆ.

ಅಂಥ ಒಬ್ಬರು ನಮ್ಮಲ್ಲಿ ಹೇಳಿಕೊಂಡದ್ದು ಇದು. ಅವರ ಊರಿನ ಗುಡ್ಡದಲ್ಲಿ ಕಲ್ಲುಕೋರೆಯ ವಿಷಯ ಪಂಚಾಯತ್ ಸಭೆಗೆ ಬಂತು. ಕೆಳಗೆ ಹತ್ತಿಪ್ಪತ್ತು ಮನೆ. ಬೇಡ ಎನ್ನಬೇಕೆಂದು ಅವರ ಮನಸ್ಸು ಹೇಳಿತು. ಆದರೆ ಕೋರೆಯವರು ಊರಿನ ಎಲ್ಲ ಹಬ್ಬಕ್ಕೂ ದೇಣಿಗೆ ಕೊಡುವವರು. "ಬಾಯಿ ಬರ್ಲಿಲ್ಲ ಸಿಸ್ಟರ್," ಎಂದರು. ನಾವು ಬುದ್ಧಿ ಹೇಳಲು ಬಾಯಿ ತೆರೆದೆವು. ಅಷ್ಟರಲ್ಲಿ ನೆನಪಾಯಿತು: ಆ ವರ್ಷ ನಮ್ಮ ಮಹಿಳಾ ದಿನಾಚರಣೆಯ ಊಟದ ಖರ್ಚೂ ಅದೇ ಕೈಯಿಂದ ಬಂದಿತ್ತು. ನಾವು ಸುಮ್ಮನಾದೆವು. ವಿಪ್ ಅಂದರೆ ಪಕ್ಷದ ಚೀಟಿ ಮಾತ್ರ ಅಲ್ಲ ಎಂದು ಆ ದಿನ ಗೊತ್ತಾಯಿತು.

ಮುಂದಿನ ಸಲ ವಿಷಯ ಬಂದಾಗ ಸಂಘದ ಐದಾರು ಮಂದಿ ಅವರೊಂದಿಗೆ ಪಂಚಾಯತಿಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕುಳಿತರು. ಒಳಗೆ ಅವರು ಎದ್ದು, "ನನ್ನ ಆಕ್ಷೇಪ ಉಂಟು, ನಡಾವಳಿಯಲ್ಲಿ ಬರೆಯಿರಿ" ಎಂದರು. ಬಹುಮತ ಕೋರೆಯ ಪರವೇ ಆಯಿತು. ಅವರು ಸೋತರು. ಆದರೆ ಪುಸ್ತಕದಲ್ಲಿ ಅವರ ಹೆಸರಿನೊಂದಿಗೆ ಒಂದು ಸಾಲು ಉಂಟು. ನಾಳೆ ಆ ಹತ್ತಿಪ್ಪತ್ತು ಮನೆಯವರು ಬಂದು, ನಮ್ಮ ಪರ ಯಾರಾದರೂ ಮಾತಾಡಿದ್ದರಾ ಎಂದು ಕೇಳಿದರೆ, ತೋರಿಸಲಿಕ್ಕೆ ಆ ಸಾಲು ಉಂಟು.

ದೆಹಲಿಯಿಂದ, ಬೆಂಗಳೂರಿನಿಂದಲೂ ನಾವು ಕೇಳಬೇಕಾದದ್ದು ಇಷ್ಟೇ. ಮತ ಹೆಸರಿನೊಂದಿಗೆ ದಾಖಲಾಗಲಿ. ಮನಸ್ಸಾಕ್ಷಿಯಂತೆ ಮತ ಹಾಕಿದವರ ಹಿಂದೆ ಬೆಂಚಿನಲ್ಲಿ ಕೂರಲು ನಾವಿರೋಣ.

ಸಭೆಯಲ್ಲಿ ಚರ್ಚಿಸಿ

1. ನಿಮ್ಮ ಪ್ರತಿನಿಧಿ ಪಕ್ಷದ ಮಾತು ಮೀರಿ ಗುಡ್ಡದ ಅಥವಾ ಕಡಲಿನ ಪರ ಮತ ಹಾಕಿ ಟಿಕೆಟ್ ಕಳೆದುಕೊಂಡರೆ, ನೀವು ಅವರ ಪರ ನಿಲ್ಲುವಿರಾ?
2. ಆ ಮತದಿಂದ ನಿಮ್ಮ ಮನೆಗೇ ಸ್ವಲ್ಪ ನಷ್ಟವಾಗುವುದಿದ್ದರೆ?
3. ನಮ್ಮ ಸಂಘ, ನಮ್ಮ ಚರ್ಚು ಯಾರಿಂದ ದೇಣಿಗೆ ಪಡೆಯುತ್ತದೆ? ಅದರಿಂದ ಯಾವ ವಿಷಯದಲ್ಲಿ ನಮ್ಮ ಬಾಯಿ ಮುಚ್ಚಿದೆ?

ಈ ತಿಂಗಳ ಕೆಲಸ

1. ನಿಮ್ಮ ಶಾಸಕರಿಗೆ, ಸಂಸದರಿಗೆ ಒಂದು ಪತ್ರ ಬರೆಯಿರಿ. ಕಾಡು, ಕರಾವಳಿ, ನೀರಿನ ಮಸೂದೆ ಬಂದಾಗ ಮತವಿಭಜನೆ ಕೇಳಿ ಎಂದು ವಿನಂತಿಸಿ. ಬೈಯಬೇಡಿ. ಸಂಘದ ಎಲ್ಲರೂ ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.
2. ಕೇಂದ್ರದ ಕರಡು ಅಧಿಸೂಚನೆಗೆ ಸಾಮಾನ್ಯವಾಗಿ 60 ದಿನದೊಳಗೆ ಯಾರೂ ಅಭಿಪ್ರಾಯ ಕಳುಹಿಸಬಹುದು. ಅಂಥದ್ದು ಬಂದರೆ ಓದಿ ತಿಳಿಸಲು ಸಂಘದ ಒಬ್ಬ ಓದಿದ ಮಗಳನ್ನೋ ಮಗನನ್ನೋ ನೇಮಿಸಿ.
3. ಮುಂದಿನ ಗ್ರಾಮಸಭೆಗೆ ಕನಿಷ್ಠ ಐದು ಮಂದಿ ಹೋಗಿ. ಮಾತಾಡಿದ್ದು ನಡಾವಳಿಗೆ ಬಂದಿದೆಯಾ ಎಂದು ನೋಡಿಯೇ ಹೊರಡಿ.
4. ಗುರ್ಕಾರರು ಈ ಪಾಠವನ್ನು ಘಟ್ಟದ ಬುಡದ ಒಂದು ಕುಟುಂಬದೊಂದಿಗೆ ಕುಳಿತು ಓದಲಿ. ಅವರು ಹೇಳಿದ್ದನ್ನು ಬರೆದು ನಮಗೆ ಕಳುಹಿಸಲಿ.

ಉಳ್ಳಾಲದ ಸಹೋದರಿ, ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ. "ಯಾವ ಕಡೆಗೆ ಕೈ ಎತ್ತಿದ್ದು ಅಂತ ಗೊತ್ತಾಗುದು ಹೇಗೆ" ಎಂದು ಕೇಳಿದಿರಿ. ಹಲವು ಸಲ ಗೊತ್ತಾಗುವುದೇ ಇಲ್ಲ. ಗೊತ್ತಾಗುವಂತೆ ಮಾಡಿ ಎಂದು ಕೇಳುವವರು ಸಾಕಷ್ಟು ಇರಲಿಲ್ಲ, ಅದಕ್ಕೆ. ಪತ್ರದ ಮೊದಲ ಸಹಿ ನಿಮ್ಮದಿರಲಿ. ಎರಡನೆಯದು ನಾವು ಹಾಕುತ್ತೇವೆ.